ಅಳಿಯನಿಗೆ ಬಿಟ್ಟ ಕಿಟಕಿಗಳು

ಕದರಯ್ಯನವರು ತುಮಕೂರಿನ ಶೆಟ್ಟಿಹಳ್ಳಿಯ ತಮ್ಮ ಮನೆಯ ಮೇಲೆ ಮಹಡಿ ಎತ್ತಿಸಿದ್ದು ಎಂಬತ್ತೆರಡನೇ ಇಸವಿಯಲ್ಲಿ. ಗೋಡೆ ಎದ್ದು, ತಾರಸಿ ಬಿದ್ದು, ಕಿಟಕಿಗಳಿಗೆ ಚೌಕಟ್ಟು ಕೂತು, ಕಬ್ಬಿಣದ ಕಂಬಿಯೂ ಆಗಿತ್ತು. ಕಿಟಕಿ ಬಾಗಿಲುಗಳಷ್ಟೇ ಬಾಕಿ. ಒಂದು ಭಾನುವಾರ ಬೆಳಿಗ್ಗೆ ಅವರು ಕಾಫಿ ಲೋಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. ಅಳಿಯ ಅಂಜನಮೂರ್ತಿ ಅಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಮರಳು ಗುಡಿಸುತ್ತಿದ್ದ.

"ನೋಡ್ಲಾ ಮೂರ್ತಿ, ಗೋಡೆ ನಾನು ಹೇಳ್ದಂಗೆ ಎದ್ದದೆ. ಮೆಟ್ಲು ನಿಮ್ಮತ್ತೆ ಹೇಳಿದ್ ಕಡೆ ಬಂದದೆ. ಈ ಕಿಟಕಿ ಬಾಗ್ಲು ಮಾತ್ರ ನಿಂದು. ನಿನ್ ಮನಸಿಗೆ ಬಂದಂಗೆ ಮಾಡ್ಸು. ನಾನು ಒಂದ್ ಮಾತೂ ಆಡಕಿಲ್ಲ."

"ಆಗ್ಲಿ ಮಾವ," ಅಂದ ಮೂರ್ತಿ.

ಅದು ಅವನಿಗೆ ಖುಷಿಯಾಗಬೇಕಾದ ಮಾತು. ಹುಡುಗನಾಗಿ ಆ ಮನೆಗೆ ಬಂದಾಗಿನಿಂದ 'ನಿನ್ನಿಷ್ಟ' ಎಂದು ಅವನಿಗೆ ಯಾರೂ ಏನನ್ನೂ ಬಿಟ್ಟಿರಲಿಲ್ಲ. ಬಿಡದೇ ಇದ್ದದ್ದು ಅಕ್ಕರೆಯಿಲ್ಲದೆ ಅಲ್ಲ. ಕೇಳುವುದಕ್ಕೆ ಮುಂಚೆಯೇ ಎಲ್ಲವೂ ಬಂದುಬಿಡುತ್ತಿತ್ತು, ಅಷ್ಟೆ. ಆದರೆ ಆವತ್ತು ಆ ಬರಿಯ ಚೌಕಟ್ಟುಗಳನ್ನು ನೋಡುತ್ತ ನಿಂತಾಗ ಮೂರ್ತಿಗೆ ಖುಷಿಯಾಗಲಿಲ್ಲ. ಮಹಡಿ ಎದ್ದದ್ದೇ ಅವನ ಸಂಸಾರಕ್ಕೆಂದು. ಅದರ ಕಿಟಕಿಗೆ ಬಾಗಿಲು ಆರಿಸುವುದೆಂದರೆ, ಸಾಯುವವರೆಗೂ ಇಲ್ಲೇ ಇರುತ್ತೇನೆಂದು ತಾನೇ ಬಾಯಿಬಿಟ್ಟು ಒಪ್ಪಿಕೊಂಡಂತೆ. ಅವನೋ, ಯಾರಿಗೂ ಹೇಳದೆ, ಕುಣಿಗಲ್ಲಿಗೆ ವರ್ಗ ಮಾಡಿಕೊಡಿ ಎಂದು ಆಫೀಸಿನಲ್ಲಿ ಕೇಳಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

ಮೂರ್ತಿಯ ಊರು ಹುಲಿಯೂರುದುರ್ಗ. ಅಪ್ಪ ಜ್ವರದಲ್ಲಿ ತೀರಿಕೊಂಡಾಗ ಅವನಿನ್ನೂ ಸಣ್ಣವನು. ತಿಥಿಗೆ ಬಂದಿದ್ದ ಸೋದರಮಾವ ಕದರಯ್ಯ, "ದೊಡ್ಡೋನು ಹೊಲ ನೋಡ್ಕಳ್ಲಿ, ಚಿಕ್ಕೋನ್ನ ನಾನು ಓದುಸ್ತೀನಿ" ಎಂದು ತಂಗಿ ಹನುಮಮ್ಮನಿಗೆ ಹೇಳಿ, ಹುಡುಗನನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತುಮಕೂರಿಗೆ ಕರೆತಂದರು. ಅವರದು ಹಿಟ್ಟಿನ ಗಿರಣಿ. ರಾಗಿ, ಗೋಧಿ, ಹಬ್ಬದ ಮುಂಚೆ ಮೆಣಸಿನಕಾಯಿ. ಗಿರಣಿಯ ಸದ್ದಿನಲ್ಲೇ ಬದುಕಿದ್ದರಿಂದ ಮನೆಯಲ್ಲೂ ಅವರದು ಏರು ದನಿ. ಹುಬ್ಬಿನ ಮೇಲೆ ಸದಾ ಬಿಳಿ ಹಿಟ್ಟು. ಅವರು ಹುಡುಗನನ್ನು ಒಂದು ದಿನವೂ ಪರರ ಮಗುವೆಂದು ನೋಡಲಿಲ್ಲ. ಅಂಗಿಗೆ ಬಟ್ಟೆ ಅವರೇ ತಂದರು. ಯಾವ ಸ್ಕೂಲು, ಯಾವ ಕಾಲೇಜು, ಅವರೇ ನೋಡಿದರು. ರೇಷ್ಮೆ ಇಲಾಖೆಯಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿದಾಗ ಬಿಸಿಲಿನಲ್ಲಿ ಸಾಲು ನಿಂತು ಅರ್ಜಿ ತಂದವರೂ ಅವರೇ. ಕೊನೆಗೆ ಎಪ್ಪತ್ತಾರರಲ್ಲಿ, ಒಂದು ದಿನ ಊಟಕ್ಕೆ ಕೂತಾಗ, "ಹೊಂಬಾಳನ್ನ ನಿಂಗೇ ಅಂತ ಇಟ್ಟಿದೀನಿ ಕಣಪ್ಪ" ಅಂದರು. ಅತ್ತೆ ಗಿರಿಯಮ್ಮ ಅನ್ನದ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದಳು. ಬಾಯಲ್ಲಿ ಅನ್ನವಿದ್ದಂತೆಯೇ ಮೂರ್ತಿ ತಲೆಯಾಡಿಸಿದ.

ಬೇಡ ಎನ್ನಲು ಕಾರಣವೂ ಇರಲಿಲ್ಲ. ಮಾವನ ಒಬ್ಬಳೇ ಮಗಳು ಹೊಂಬಾಳಮ್ಮ ಒಳ್ಳೆಯವಳು. ಬಾವ ಬಾವ ಎನ್ನುತ್ತ ಜೊತೆಯಲ್ಲೇ ಬೆಳೆದವಳು, ಮದುವೆಯಾದ ಮೇಲೆ ಆ ಒಂದು ಮಾತು ಬಿಟ್ಟು ಬೇರೆ ಯಾವುದನ್ನೂ ಬದಲಿಸಿಕೊಳ್ಳಲಿಲ್ಲ. ಅವರಿಗೊಬ್ಬಳು ಮಗಳು ಹುಟ್ಟಿದಳು. ಮೂರ್ತಿಗೆ ಆ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ.

ಕೆಲಸ ಗುಬ್ಬಿಯಲ್ಲಿ. ದಿನವೂ ಬಸ್ಸು. ಅಲ್ಲಿಂದ ಸೈಕಲ್ಲಿನಲ್ಲೋ, ಹಾಗಲವಾಡಿ ಕಡೆಯಾದರೆ ಇನ್ನೊಂದು ಬಸ್ಸಿನಲ್ಲೋ, ರೇಷ್ಮೆ ಹುಳ ಸಾಕುವವರ ಮನೆಮನೆ ಸುತ್ತುವುದು. ಆಗ ಊಜಿ ನೊಣ ಕಾಣಿಸಿಕೊಂಡ ಹೊಸತು. ಆ ನೊಣ ಹುಳದ ಮೈಮೇಲೆ ಮೊಟ್ಟೆಯಿಟ್ಟರೆ ಗೂಡು ಕಟ್ಟುವ ಹೊತ್ತಿಗೆ ಬೆಳೆಯೇ ಕೈಬಿಡುತ್ತಿತ್ತು. ಹುಳಕ್ಕೆ ಗಾಳಿ ಬೇಕು, ನೊಣ ಬರಬಾರದು, ಕಿಟಕಿ ಎದುರುಬದುರು ಇರಲಿ, ಪರದೆ ಹೊಡೆಯಿರಿ, ಮುಚ್ಚಿ ಮುಚ್ಚಿ ಉಸಿರು ಕಟ್ಟಿಸಬೇಡಿ ಎಂದು ಮೂರ್ತಿ ಹೇಳುತ್ತಿದ್ದ. ಹಾಗಲವಾಡಿಯ ತಿಪ್ಪಮ್ಮ ಎಂಬ ಮುದುಕಿ ಅವನು ಬೆರಳು ತೋರಿಸಿದ ಕಡೆ ಗೋಡೆ ಒಡೆಸಿ ಕಿಟಕಿ ಇಡಿಸಿದಳು. "ಸಾಹೇಬ್ರು ಹೇಳವ್ರೆ, ಅಂಗೇ ಮಾಡು" ಎಂದು ಮಗನನ್ನು ಗದರಿಸಿದಳು. ಅಂಥ ದಿನ ಮೂರ್ತಿ ಎದೆಯೆತ್ತಿ ನಡೆಯುತ್ತಿದ್ದ. ಸಂಜೆ ತುಮಕೂರಿನಲ್ಲಿ ಬಸ್ಸಿಳಿದು ಗಿರಣಿಯ ಮುಂದೆ ಬರುವ ಹೊತ್ತಿಗೆ ಮತ್ತೆ 'ಲೋ ಮೂರ್ತಿ' ಆಗುತ್ತಿದ್ದ. "ಲೋ ಮೂರ್ತಿ, ಬೆಲ್ಟ್ ಬಿಚ್ಕಂಡದೆ, ಒಸಿ ಹಿಡ್ಕೋ ಬಾ."

ಯಾವುದೋ ತರಬೇತಿಗೆಂದು ಕುಣಿಗಲ್ಲಿಗೆ ಹೋದಾಗ ಆಫೀಸಿನ ಹಿಂದೆ, ಹಿಪ್ಪುನೇರಳೆ ತಾಕಿನ ಪಕ್ಕ, ಒಂದು ಖಾಲಿ ವಸತಿಗೃಹ ನೋಡಿದ. ಎರಡೇ ಕೋಣೆ. ಕಿಟಕಿಯ ಒಂದು ಬಾಗಿಲು ಕಿತ್ತುಹೋಗಿ, ಇನ್ನೊಂದನ್ನು ತಂತಿಯಲ್ಲಿ ಬಿಗಿದಿದ್ದರು. "ಯಾರೂ ಇಲ್ಲ ಸಾರ್. ಬರೋದಾದ್ರೆ ಬನ್ನಿ, ಹೂಂ ಅಂದ್ರೆ ಕೊಟ್ಬುಡ್ತಾರೆ," ಅಂದ ಅಲ್ಲಿಯ ಜವಾನ ರಂಗಣ್ಣ. ಮೂರ್ತಿ ಸುಮಾರು ಹೊತ್ತು ಆ ಕಿಟಕಿಯ ಮುಂದೆ ನಿಂತಿದ್ದ. ಪೇಟೆಗೆ ಹೋಗಿ ತಾನೇ ಎರಡು ಕೀಲು, ಒಂದು ಚಿಲಕ ತರುವುದು, ತಾನೇ ಕೂತು ಅದನ್ನು ಹೊಡೆಯುವುದು, ಸೊಟ್ಟಗಾದರೆ ಸೊಟ್ಟಗೇ ಇರುವುದು, ಇಷ್ಟೇ ಅವನ ಕಣ್ಣ ಮುಂದೆ ಬಂದದ್ದು. ಮಾರನೆಯ ದಿನವೇ ವರ್ಗ ಕೇಳಿ ಅರ್ಜಿ ಕೊಟ್ಟ.

ಮನೆಯಲ್ಲಿ ಹೇಳಲು ಮಾತ್ರ ಬಾಯಿ ಬರಲಿಲ್ಲ. ಬೇರೆ ಹೋಗುತ್ತೇನೆ ಎಂದರೆ, ನೀವು ನನಗೇನೋ ತಪ್ಪು ಮಾಡಿದಿರಿ ಎಂದಂತೆ. ಮಾಡಿದ ತಪ್ಪನ್ನು ತೋರಿಸು ಎಂದು ಯಾರಾದರೂ ಕೇಳಿದರೆ ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ.

ಹಾಗಾಗಿ ಕಿಟಕಿಯ ಬಾಗಿಲನ್ನು ಅವನು ಮುಂದಕ್ಕೆ ಹಾಕುತ್ತಾ ಹೋದ. ಮರದ ಡಿಪೋ ಪಕ್ಕದಲ್ಲಿ ಕೆಲಸ ಮಾಡುವ ಆಚಾರಿಯ ಹತ್ತಿರ ಭಾನುವಾರಗಳಲ್ಲಿ ಹೋಗಿ ಕೂರುತ್ತಿದ್ದ. ಆಚಾರಿ ಮಾದರಿಗಳನ್ನು ಗೋಡೆಗೆ ಒರಗಿಸಿ ತೋರಿಸುತ್ತಿದ್ದ. ಪೂರ್ತಿ ಹಲಗೆಯ ಬಾಗಿಲು, ಮುಚ್ಚಿದರೆ ಒಂದು ಎಳೆ ಬೆಳಕೂ ಬಾರದು. ಚೌಕಚೌಕವಾಗಿ ಗಾಜು ಕೂರಿಸಿದ್ದು, ಈಗ ಹೊಸ ಮನೆಯವರೆಲ್ಲ ಕೇಳುವುದು. ಇನ್ನೊಂದು, ಓರೆಯಾಗಿ ಒಂದರ ಮೇಲೊಂದು ಪಟ್ಟಿ ಜೋಡಿಸಿದ ಬಾಗಿಲು, ಹಳೆಯ ಪ್ರವಾಸಿ ಮಂದಿರಗಳಲ್ಲಿ ಇರುವಂಥದು. ಮುಚ್ಚಿದರೂ ಅದರ ಸಂದಿನಿಂದ ಗಾಳಿಯಾಡುತ್ತಿತ್ತು. ಮೂರ್ತಿ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ.

"ಇದೇ ಇರ್ಲಾ ಸ್ವಾಮಿ?" ಎಂದು ಆಚಾರಿ ಕೇಳಿದರೆ, "ಇನ್ನೊಂದ್ ವಾರ ಬಿಟ್ಟು ಹೇಳ್ತೀನಿ" ಎಂದು ಎದ್ದುಬಿಡುತ್ತಿದ್ದ.

ಮಹಡಿಯ ಕಿಟಕಿಗಳಿಗೆ ಗಿರಣಿಯ ಗೋಣಿತಾಟು ಕಟ್ಟಿದರು. ಗಾಳಿ ಬೀಸಿದಾಗ ಅದು ಪಟಪಟ ಬಡಿಯುತ್ತಿತ್ತು. ಗಿರಿಯಮ್ಮ ಒಮ್ಮೆ ಊಟ ಬಡಿಸುತ್ತ, "ಏನ್ ಮೂರ್ತಪ್ಪ, ಹೆಣ್ಣು ನೋಡಕ್ಕೂ ಇಷ್ಟು ಹೊತ್ತು ಹಿಡೀಲಿಲ್ವಲ್ಲಪ್ಪ ನೀನು" ಎಂದು ನಕ್ಕಳು. ಕದರಯ್ಯನವರು ಹೆಂಡತಿಯನ್ನು ಸುಮ್ಮನಿರಿಸಿದರು. "ಅವ್ನಿಗೆ ಅವಸರ ಮಾಡಬ್ಯಾಡ. ಒಂದ್ಸಲ ಹಾಕುಸ್ದ ಅಂದ್ರೆ ಅವ್ನ ಮೊಮ್ಮಕ್ಕಳ ಕಾಲಕ್ಕೂ ಇರ್ಬೇಕು. ನಿಧಾನಕ್ಕೆ ನೋಡ್ಲಿ ಬುಡು."

ಮೊಮ್ಮಕ್ಕಳು ಎಂದಾಗ ಮೂರ್ತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅದೇ ದಿನಗಳಲ್ಲಿ ತಾಯಿ ಹನುಮಮ್ಮ ಹುಲಿಯೂರುದುರ್ಗದಿಂದ ಬಂದು ಹೋದಳು. ಹಿತ್ತಲಿನಲ್ಲಿ ಅವಳೊಬ್ಬಳೇ ಸಿಕ್ಕಾಗ ಮೂರ್ತಿ ಮೆಲ್ಲಗೆ ಬಾಯಿಬಿಟ್ಟ. "ಅವ್ವ, ನಾನು ಕುಣಿಗಲ್ ಕಡೀಕೆ ಬಂದುಬುಟ್ರೆ ಎಂಗೆ? ನಿಂಗೂ ಹತ್ರ ಆಯ್ತದೆ."

ಹನುಮಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ನಮ್ಮಣ್ಣ ಏನಾರ ಅಂದನೇನಪ್ಪ?"

"ಇಲ್ಲವ್ವ. ಏನೂ ಅಂದಿಲ್ಲ."

"ಅತ್ತಿಗೆ?"

"ಇಲ್ಲ."

"ಮತ್ತೆ ಯಾಕ್ಲಾ?" ಎಂದು ಕೇಳಿ, ಅವಳು ದನಿ ತಗ್ಗಿಸಿದಳು. "ಅವನು ಕರ್ಕಂಡ್ ಬರ್ದೇ ಇದ್ದಿದ್ರೆ ನೀನು ಇವತ್ತು ಯಾರ್ದೋ ಕುರಿ ಕಾಯ್ತಿದ್ದೆ. ನಮ್ಮಣ್ಣನ ಮನಸು ನೋಯುಸ್ಬ್ಯಾಡ ಕಣಪ್ಪ. ನಾನು ಬದುಕಿರೋಗಂಟ ಅದೊಂದ್ ಬ್ಯಾಡ."

ಮಳೆಗಾಲ ಇನ್ನೇನು ಹಿಡಿಯಬೇಕು ಎನ್ನುವಾಗ ಗುಬ್ಬಿಯ ಆಫೀಸಿನಲ್ಲಿ ಮೇಲಧಿಕಾರಿ ಅನಂತರಾಮಯ್ಯನವರು ಅವನನ್ನು ಕರೆದು, "ನಿಮ್ಮದಾಯ್ತು ಕಣ್ರೀ ಮೂರ್ತಿ. ಮುಂದಿನ ತಿಂಗಳಿಂದ ಕುಣಿಗಲ್. ವಸತಿಗೃಹಾನೂ ಇದೆಯಂತೆ, ಪುಣ್ಯವಂತರು" ಅಂದರು. ಆವತ್ತು ಬಸ್ಸಿನಲ್ಲಿ ಮೂರ್ತಿ ದಾರಿಯುದ್ದಕ್ಕೂ ಮಾತನ್ನು ಹೊಂದಿಸಿಕೊಂಡ. ಮಾವ, ಸರ್ಕಾರದ ಕೆಲಸ, ಹೋಗದೇ ಇರೋಕಾಗಲ್ಲ. ಹೀಗೆ ಹೇಳಿದರೆ ಯಾರಿಗೂ ನೋವಿಲ್ಲ. ವಾರಕ್ಕೊಮ್ಮೆ ಬಂದು ಹೋಗಬಹುದು.

ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಕಡಲೆಕಾಯಿ ಬಿಡಿಸಿ ತಿನ್ನಿಸುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡ. ಮಾರನೆಯ ದಿನ ಗಿರಣಿಯಲ್ಲಿ ಮೋಟರು ಕೆಟ್ಟು ಅವರು ಸಿಡುಕುತ್ತಿದ್ದರು. ಅದರಾಚೆಯ ದಿನ ಅತ್ತೆಗೆ ಮೈಯಲ್ಲಿ ಹುಷಾರಿಲ್ಲ. ಹೀಗೆ ದಿನ ಸರಿದವು. ಹೊಂಬಾಳಮ್ಮನಿಗೂ ಹೇಳಲಿಲ್ಲ. ಅವಳು ಈ ಮನೆಯ ಒಬ್ಬಳೇ ಮಗಳು, ಅಪ್ಪನ ಕಡೆಯೇ ನಿಲ್ಲುತ್ತಾಳೆ ಎಂದು ಅವನೇ ತೀರ್ಮಾನ ಮಾಡಿಬಿಟ್ಟಿದ್ದ.

ಒಂದು ಸಂಜೆ ಇಸ್ತ್ರಿ ಅಂಗಿ ತೊಟ್ಟು ಬೆಂಗಳೂರಿನಿಂದ ಬಂದ ಕದರಯ್ಯನವರು ಕೈಕಾಲು ತೊಳೆದು ನೇರ ಊಟಕ್ಕೆ ಕೂತರು. ಮೂರ್ತಿಯೂ ಪಕ್ಕದಲ್ಲಿ ಕೂತಿದ್ದ.

"ಯಾವೋನೋ ನಿಂಗೆ ಎತ್ತಂಗಡಿ ಮಾಡ್ಸವ್ನಂತಲ್ಲೋ, ಕುಣಿಗಲ್ಲಿಗೆ. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ನೋಡ್ದಾ ಗಿರಿ?" ಅವರು ಹೆಂಡತಿಯ ಕಡೆ ತಿರುಗಿದರು. ಅವರ ಕಣ್ಣು ತೇವವಾಗಿತ್ತು. "ನಂಗೆಲ್ಲಿ ಬೇಜಾರಾಯ್ತದೋ ಅಂತ ಒಳಗೊಳಗೇ ನುಂಗ್ಕಂಡಿದ್ದ. ಹೊಟ್ಟೇಲಿ ಹುಟ್ಟಿದ್ ಮಗ್ನೂ ಇಂಗಿರಕಿಲ್ಲ. ಮೆಣಸಿನ್ಕಾಯಿ ಪುಡಿ ಮಾಡ್ಸಕ್ಕೆ ಬಂದಿದ್ದೋರು ಹೇಳಿದ್ಕೆ ನಂಗೆ ಗೊತ್ತಾಯ್ತು. ಬೆಂಗ್ಳೂರಿಗೆ ಹೋದೆ, ಗೊತ್ತಿರೋರ್ನ ಕಂಡೆ, ನಿಲ್ಲುಸ್ಕಂಡ್ ಬಂದೆ. ಅದ್ಯಾರೋ ಅವನೇ ಅರ್ಜಿ ಕೊಟ್ಟವ್ನೆ ಅಂದ್ರು. ನಮ್ ಹುಡ್ಗ ಯಾಕೆ ಕೊಟ್ಟಾನು, ಆಗ್ದೋರು ಯಾರೋ ಅವ್ನ ಹೆಸ್ರಲ್ಲಿ ಬರ್ದಾಕವ್ರೆ ಅಂತ ಜಗಳ ಆಡ್ದೆ. ನೀನು ಉಣ್ಣು. ಇನ್ನು ಯಾರೂ ನಿನ್ನ ಅಲ್ಲಾಡ್ಸಕ್ಕಾಗಲ್ಲ."

ಗಿರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಂಬಾಳ ಸಾರಿನ ಸೌಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು. ಏನಾದರೂ ಹೇಳಲೇಬೇಕಿತ್ತು. "ನಿಮಗೆ ಸುಮ್ನೆ ತೊಂದ್ರೆ ಆಯ್ತು ಮಾವ," ಅಂದ ಮೂರ್ತಿ.

"ಎಂಥ ತೊಂದ್ರೆ ಬುಡು."

ಮಾರನೆಯ ಸಂಜೆ ಅವನು ಮಹಡಿಯ ಮೇಲೆ ಒಬ್ಬನೇ ನಿಂತಿದ್ದಾಗ ಹೊಂಬಾಳ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಬಂದಳು.

"ಆ ಅರ್ಜಿ ಕೊಟ್ಟಿದ್ದು ಯಾರು?"

"ಯಾರೋ."

"ಯಾರೋ ಅಂದ್ರೆ?"

"ನಂಗೇನ್ ಗೊತ್ತು ಹೊಂಬಾಳ. ಮಾವ ಹೇಳಿದ್ರಲ್ಲ."

ಅವಳು ಉಳಿದ ಬಟ್ಟೆಯನ್ನೂ ತಂತಿಯಿಂದ ತೆಗೆದಳು. ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು, "ಮಳೆ ಹಿಡಿಯೋದ್ರೊಳಗೆ ಬಾಗಿಲು ಹಾಕ್ಸಿ. ಮಗೀಗೆ ಕೆಮ್ಮು" ಎಂದಷ್ಟೇ ಹೇಳಿ ಇಳಿದುಹೋದಳು.

ಆ ಭಾನುವಾರ ಮೂರ್ತಿ ಆಚಾರಿಯ ಹತ್ತಿರ ಹೋಗಿ ಪಟ್ಟಿ ಬಾಗಿಲನ್ನೇ ಮಾಡಲು ಹೇಳಿದ. ಇಲ್ಲೇ ಇರುವುದಾದರೆ ಇಷ್ಟಾದರೂ ನನ್ನದಿರಲಿ ಎಂದು ಅವನ ಲೆಕ್ಕ. ಹೇಳಿಬಂದ ಮೇಲೆ ಮನಸ್ಸು ಕೊಂಚ ಹಗುರವೂ ಆಯಿತು. ಕೆಲಸ ಎಲ್ಲಿಗೆ ಬಂತೆಂದು ಒಂದೆರಡು ಸಲ ಹೋಗಿ ನೋಡಿದ. ಪಟ್ಟಿಗಳನ್ನು ತಾನೇ ಉಜ್ಜುಕಾಗದ ಹಾಕಿ ತಿಕ್ಕಿದ.

ಬಾಗಿಲು ಕೂರಿಸುವ ದಿನ ಅವನು ಗುಬ್ಬಿಯಲ್ಲಿದ್ದ. ಸಂಜೆ ಬಂದಾಗ ಕದರಯ್ಯನವರು ಬೀದಿಯಲ್ಲೇ ಕಾಯುತ್ತಿದ್ದವರು ಅವನ ರಟ್ಟೆ ಹಿಡಿದು ಮೇಲಕ್ಕೆ ಕರೆದೊಯ್ದರು. ಕಿಟಕಿಯ ಒಳಮುಖಕ್ಕೆ ಅವನ ಪಟ್ಟಿ ಬಾಗಿಲು ಇತ್ತು. ಹೊರಮುಖಕ್ಕೆ, ಕಂಬಿಯಾಚೆ, ಗಟ್ಟಿ ತೇಗದ ಹಲಗೆ ಬಾಗಿಲು. ಪ್ರತಿಯೊಂದು ಕಿಟಕಿಗೂ ಎರಡೆರಡು.

"ನೀನು ಹೇಳಿದ್ದನ್ನ ನಾನು ಒಂಚೂರೂ ಮುಟ್ಟಿಲ್ಲ. ಆದ್ರೆ ಆ ಸಂದೀಲಿ ಮಳೇ ಇರಚಲು ಹೊಡೀತದೆ, ರೋಡಿನ್ ಧೂಳು ಬರ್ತದೆ, ಮಗಾ ಕೆಮ್ತದೆ. ಅದ್ಕೆ ಇದೊಂದು ನಂದು. ನಿಂದೂ ಇರ್ಲಿ, ನಂದೂ ಇರ್ಲಿ. ಆಚಾರಿಗೆ ಮೊದ್ಲೇ ಹೇಳಿದ್ದೆ, ನಿಂಗೆ ಹೇಳ್ಬ್ಯಾಡ, ನೋಡಿ ಖುಷಿ ಪಡ್ಲಿ ಅಂತ. ಎಂಗದೆ?"

"ಚೆನ್ನಾಗಿದೆ ಮಾವ."

ಚೆನ್ನಾಗಿಯೇ ಇತ್ತು. ಮಹಡಿಯ ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಇಂಥ ಕಿಟಕಿ ಎಲ್ಲೂ ನೋಡಿಲ್ಲ ಎಂದರು. ಕದರಯ್ಯನವರು ಪ್ರತಿಯೊಬ್ಬರಿಗೂ, "ನಮ್ಮಳಿಯನ ಆಯ್ಕೆ" ಎಂದರು. ಅಂದಿನಿಂದ ದಿನವೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ತಾವೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಕಂಬಿಯ ಸಂದಿನಿಂದ ಕೈ ಹಾಕಿ ಹಲಗೆ ಬಾಗಿಲುಗಳನ್ನು ಎಳೆದು, ಒಂದೊಂದಕ್ಕೂ ಚಿಲಕ ಹಾಕಿ ಹೋಗುತ್ತಿದ್ದರು. ಸೊಳ್ಳೆ ಬರುತ್ತವೆಂದು. ಮಗುವಿನ ಕೆಮ್ಮು ನಿಜವಾಗಿಯೂ ಕಡಿಮೆಯಾಯಿತು. ಮೂರ್ತಿಗೆ ಅದರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಜಾಗವಿರಲಿಲ್ಲ. ಅವರು ಇಳಿದುಹೋದ ಮೇಲೆ ತೆರೆಯಬಹುದಿತ್ತು. ಮಾವನ ಕೋಣೆ ಸರಿಯಾಗಿ ಕೆಳಗೇ, ಚಿಲಕದ ಸದ್ದು ಅವರಿಗೆ ಕೇಳುತ್ತಿತ್ತು. ಒಂದು ದಿನವೂ ಅವನು ತೆರೆಯಲಿಲ್ಲ.

ವರ್ಷಗಳು ಹೋದವು. ಗುಬ್ಬಿಯಿಂದ ಬಡ್ತಿಯ ಮೇಲೆ ತುಮಕೂರಿಗೇ ಬಂದ. ಅದರ ಹಿಂದೆಯೂ ಮಾವನ ಓಡಾಟವಿತ್ತು. ಹನುಮಮ್ಮ ತೀರಿಕೊಂಡಳು. ಎಂಬತ್ತೆಂಟರಲ್ಲಿ ಕದರಯ್ಯನವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ತೊದಲಾಯಿತು. ಗಿರಣಿಗೆ ಆಳನ್ನು ಇಟ್ಟು, ಬೆಳಿಗ್ಗೆ ಸಂಜೆ ಮೂರ್ತಿಯೇ ನೋಡಿಕೊಂಡ. ಮಾವನನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ಬೇರೆಯವರಿಗೆ ಬಿಡಲಿಲ್ಲ. ಅದನ್ನು ಅವನು ಬೇಸರದಿಂದ ಮಾಡಲಿಲ್ಲ. ಆ ಮನುಷ್ಯನ ಮೇಲೆ ಅವನಿಗೆ ಪ್ರೀತಿಯಿತ್ತು, ಮೊದಲಿನಿಂದಲೂ ಇತ್ತು. ತೊಡಕೇ ಅದು.

ಒಂದು ರಜೆಯ ದಿನ ಮಧ್ಯಾಹ್ನ ಮಾವನ ಕೆನ್ನೆಗೆ ಸೋಪು ಹಚ್ಚಿ ಕ್ಷೌರ ಮಾಡುತ್ತಿದ್ದ. ಒಂದು ಪಕ್ಕ ಮುಗಿದಿತ್ತು. ಕದರಯ್ಯನವರು ಎಡಗೈಯಿಂದ ಅವನ ಮಣಿಕಟ್ಟು ಹಿಡಿದು ತಡೆದರು.

"ಮೂರ್ತಿ. ಆಗ... ಕುಣಿಗಲ್ಲು. ನಿಂಗೇ ಇತ್ತಾ, ಹೋಗ್ಬೇಕು ಅಂತ?"

ಇಷ್ಟು ಕಾಲ ಮಲಗಿ ಮಲಗಿ ಅವರು ಏನೇನನ್ನು ಯೋಚಿಸಿದ್ದರೋ. ಆ ಕಣ್ಣಿನಲ್ಲಿ ಅಧಿಕಾರವಿರಲಿಲ್ಲ. ಹೆದರಿಕೆಯಿತ್ತು. ಹೌದು ಎನ್ನಲು ಇದಕ್ಕಿಂತ ಸಲೀಸಾದ ಗಳಿಗೆ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ ಎಂದು ಮೂರ್ತಿಗೆ ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು ಬೇರೆ.

"ಇಲ್ಲ ಮಾವ. ಅಂಥದ್ದೇನೂ ಇರ್ಲಿಲ್ಲ."

ಕದರಯ್ಯನವರ ಹಿಡಿತ ಸಡಿಲವಾಯಿತು. "ನಾನೂ... ಅಂಗೇ ಅಂದ್ಕಂಡೆ," ಎಂದು ಕಣ್ಣು ಮುಚ್ಚಿದರು.

ನೀರು ಆರಿತ್ತು. ಬಿಸಿನೀರು ತರಲು ಮೂರ್ತಿ ಅಡಿಗೆಮನೆಗೆ ಬಂದ. ಹೊಂಬಾಳ ಒಲೆಯ ಮುಂದೆ ಇದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಪಾತ್ರೆಯಿಂದ ನೀರು ಬಗ್ಗಿಸುತ್ತ, ತಿರುಗದೆಯೇ ಕೇಳಿದಳು.

"ಇರ್ಲಿಲ್ವಾ?"

ಮೂರ್ತಿ ಅಡಿಗೆಮನೆಯ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದ. "ಇತ್ತು," ಅಂದ. ಅದನ್ನು ಒಬ್ಬರ ಮುಂದೆ ಒಪ್ಪಿಕೊಂಡದ್ದು ಅದೇ ಮೊದಲು.

"ನಂಗೊಂದ್ ಮಾತು ಕೇಳ್ಬೋದಿತ್ತು."

"ನೀನು ಬರ್ತಿರ್ಲಿಲ್ಲ ಅಂತ..."

"ಬರ್ತಿದ್ದೆ," ಅಂದಳು ಹೊಂಬಾಳ. "ಅವತ್ತು ಮಹಡಿ ಮೇಲಕ್ಕೆ ಬಂದಿದ್ದೇ ಅದಕ್ಕೆ. ಹೂಂ ಅಂದಿದ್ರೆ ಅಪ್ಪನ ಹತ್ರ ನಾನೇ ಮಾತಾಡ್ತಿದ್ದೆ. ನಂಗೂ ಈ ಮನೆ ಬಿಟ್ಟು ಬೇರೆ ಮನೆ ಹೆಂಗಿರುತ್ತೆ ಅಂತ ಗೊತ್ತಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನೀರಿನ ಚೊಂಬನ್ನು ಬಟ್ಟೆಯಲ್ಲಿ ಹಿಡಿದು ಅವನ ಕೈಗೆ ಕೊಟ್ಟಳು. ಅಷ್ಟರಲ್ಲಿ ಕೋಣೆಯಿಂದ ಮಾವ ತೊದಲುತ್ತ ಕರೆದರು. ಅವರ ಇನ್ನೊಂದು ಕೆನ್ನೆಯ ಸೋಪು ಒಣಗುತ್ತಿತ್ತು. ಅವನು ಚೊಂಬು ಹಿಡಿದುಕೊಂಡು ಒಳಗೆ ಹೋದ.